ಶುಕ್ರವಾರದ ಹಾಳೆ ಗುರುವಾರವೇ ತುಂಬಿತ್ತು

ಅವರು ಮೊದಲ ದಿನ ಬೂಟು ಬಿಚ್ಚದೆ ಒಳಗೆ ಬಂದಾಗ ನನಗೆ ಸಿಟ್ಟು ಬಂದಿತ್ತು. ಸೂರತ್ತಿನ ಆ ಟ್ರಸ್ಟ್ ಕ್ಲಿನಿಕ್ಕಿನಲ್ಲಿ ಬಾಗಿಲ ಹೊರಗೇ ಚಪ್ಪಲಿ ಗೂಡಿದೆ, ಮೇಲೆ ಗುಜರಾತಿಯಲ್ಲೂ ಹಿಂದಿಯಲ್ಲೂ ಬೋರ್ಡಿದೆ, ಓದಲು ಬಾರದವರಿಗೆಂದು ಚಪ್ಪಲಿಯ ಚಿತ್ರವೂ ಇದೆ. ಇಷ್ಟಾದರೂ ಕಪ್ಪು ಬೂಟಿನ ಲೇಸು ಬಿಗಿಯಾಗಿ ಕಟ್ಟಿಕೊಂಡೇ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಏಳು ವಾರ ಹಾಗೇ ಬಂದರು. ಏಳು ವಾರವೂ ನಾನು ಆ ಬೂಟುಗಳನ್ನು ನೋಡಿ ಒಳಗೊಳಗೇ ಗೊಣಗಿಕೊಂಡೆನೇ ಹೊರತು, ಯಾಕೆ ಎಂದು ಕೇಳಲಿಲ್ಲ. ಕೇಳುವುದೇ ನನ್ನ ಕೆಲಸವಾಗಿತ್ತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಅವರನ್ನು ಇಂಜಿನಿಯರರು ಎಂದಷ್ಟೇ ಕರೆಯುತ್ತೇನೆ. ಬಾಗಲಕೋಟೆ ಕಡೆಯವರು, ನಲವತ್ತು ದಾಟಿದವರು, ಊರ ಹೊರಗಿನ ಸಚಿನ್ ಎಂಬ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ನಾನು ತಿಪಟೂರಿನವಳು. ಗಂಡನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ ಮೇಲೆ ಅಲ್ಲಿಯೇ ಮನೆ. ವಾರಕ್ಕೆರಡು ದಿನ ಬೆಳಗಿನ ರೈಲು ಹಿಡಿದು ಸೂರತ್ತಿಗೆ ಹೋಗಿ ಆಪ್ತಸಮಾಲೋಚನೆ ಮಾಡುತ್ತೇನೆ. ಕನ್ನಡದಲ್ಲಿ ಮಾತಾಡುವ ಸಮಾಲೋಚಕಿ ಒಬ್ಬಳಿದ್ದಾಳೆ ಎಂದು ಅವರ ಹೆಂಡತಿ ಯಾರಿಂದಲೋ ಕೇಳಿಕೊಂಡು ಕರೆತಂದಿದ್ದರು.

ನಡೆದದ್ದು ಇಷ್ಟು. ಅವರು ನನ್ನಲ್ಲಿಗೆ ಬರುವುದಕ್ಕೆ ಎಂಟು ತಿಂಗಳ ಹಿಂದೆ ಅವರ ಶಿಫ್ಟಿನಲ್ಲಿ ಒಂದು ಟ್ಯಾಂಕ್ ತೊಳೆಯುವ ಕೆಲಸವಿತ್ತು. ಮನುಷ್ಯ ಒಳಗಿಳಿಯುವ ಮೊದಲು ಅಲ್ಲಿನ ಗಾಳಿಯನ್ನು ಗ್ಯಾಸ್ ಮೀಟರಿನಿಂದ ಪರೀಕ್ಷಿಸಬೇಕು, ಬಂದ ಅಂಕಿಯನ್ನು ಪರ್ಮಿಟ್ ಎಂಬ ಹಾಳೆಯಲ್ಲಿ ಬರೆಯಬೇಕು, ಇನ್‌ಚಾರ್ಜ್ ಸಹಿ ಮಾಡಬೇಕು. ಪರ್ಮಿಟ್‌ನಲ್ಲಿ ‘ಸೊನ್ನೆ’ ಎಂದಿತ್ತು, ಸಹಿಯೂ ಇತ್ತು. ಗುತ್ತಿಗೆ ಕಾರ್ಮಿಕನೊಬ್ಬ ಒಳಗಿಳಿದ, ಮೇಲೆ ಬರಲಿಲ್ಲ. ಕಂಪನಿಯ ವಿಚಾರಣೆಯಲ್ಲಿ, ಪರೀಕ್ಷೆಯ ಹೊತ್ತಿಗೆ ಗ್ಯಾಸ್ ಇರಲಿಲ್ಲ, ಆಮೇಲೆ ಪಕ್ಕದ ಪೈಪಿನ ವಾಲ್ವ್ ಸೋರಿ ತುಂಬಿಕೊಂಡಿರಬೇಕು ಎಂದು ತೀರ್ಮಾನವಾಯಿತು. ಇಂಜಿನಿಯರರ ತಪ್ಪಿಲ್ಲ ಎಂದು ಬರೆದುಕೊಟ್ಟರು.

ತಪ್ಪಿಲ್ಲ ಎಂದು ಬರೆಸಿಕೊಂಡ ಮನುಷ್ಯ ಮನೆಗೆ ಬಂದು ಮೂಗು ಅರಳಿಸಿ ವಾಸನೆ ಹುಡುಕಲು ಶುರುಮಾಡಿದರು. ಮೊಟ್ಟೆಯೇ ಬೇಯಿಸದ ಮನೆಯಲ್ಲಿ ಆ ಟ್ಯಾಂಕಿನ ಗ್ಯಾಸಿಗಿರುವಂಥ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ ಎನ್ನುತ್ತಿದ್ದರು. “ವಾಸನಿ ಬಂದ್ರ ಅಂಜಿಕಿ ರೀ, ಬರಲಿಲ್ಲಂದ್ರ ಇನ್ನೂ ಅಂಜಿಕಿ. ಆ ಗ್ಯಾಸ್ ಭಾಳ ಆತಂದ್ರ ಮೂಗಿಗೆ ಗೊತ್ತಾಗಂಗಿಲ್ಲ” ಎಂದು ಅವರು ವಿವರಿಸಿದರು. ಅವರಿಗೆ ಸಮಾಧಾನ ಸಿಗುವ ದಾರಿಯೇ ಇರಲಿಲ್ಲ. ಹನ್ನೊಂದು ವರ್ಷದ ಮಗಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಅರೆ ನಿಮಿಷಕ್ಕೊಮ್ಮೆ “ಬೋಲ್ ಬೇಟಾ” ಎಂದು ಕೂಗುತ್ತಿದ್ದರು. ಅಲ್ಲೇ ಹುಟ್ಟಿ ಬೆಳೆದ ಆ ಹುಡುಗಿ ಒಳಗಿನಿಂದ ಗುಜರಾತಿಯಲ್ಲಿ “ಹಾ ಪಪ್ಪಾ, ಜೀವು ಛು” ಎನ್ನುತ್ತಿದ್ದಳಂತೆ. ಬದುಕಿದ್ದೇನೆ ಎಂದು. ಮಗುವಿನ ಬಾಯಲ್ಲಿ ದಿನಾ ಬೆಳಿಗ್ಗೆ ಅದನ್ನು ಕೇಳಿ ಕೇಳಿ ತಾಯಿ ಅರ್ಧ ಸೋತು ಹೋಗಿದ್ದರು.

ನಾನು ಯೋಜನೆ ಹಾಕಿದೆ. ಆಗ ನನಗೆ ಸ್ವಲ್ಪ ಜಂಬವಿತ್ತು, ಮುಚ್ಚಿಡುವುದೇನು. ಎರಡು ವರ್ಷಗಳಲ್ಲಿ ನಾಲ್ಕು ತರಬೇತಿ ಮುಗಿಸಿದ್ದೆ, ನಾಲ್ಕನ್ನೂ ಈ ಒಬ್ಬರ ಮೇಲೆ ಸುರಿಯಲು ಹೊರಟೆ. ಮೊದಲನೆಯದು ಆಲೋಚನೆಯ ಹಾಳೆ: ಕಾಡುವ ಯೋಚನೆಯನ್ನು ಮೇಲೆ ಬರೆದು, ಅದು ನಿಜ ಎನ್ನಲು ಏನು ಸಾಕ್ಷಿ, ಅಲ್ಲ ಎನ್ನಲು ಏನು ಸಾಕ್ಷಿ ಎಂದು ಎರಡು ಕಾಲಮ್ಮಿನಲ್ಲಿ ತೂಗುವುದು. ಎರಡನೆಯದು, ನಡೆದ ಘಟನೆಯನ್ನು ಕಣ್ಣು ಮುಚ್ಚಿಕೊಂಡು ಈಗಲೇ ನಡೆಯುತ್ತಿರುವಂತೆ ಮತ್ತೆ ಮತ್ತೆ ಹೇಳುವುದು, ಭಯ ತಾನಾಗಿ ಇಳಿಯುವವರೆಗೂ. ಮೂರನೆಯದು, ಮಗಳನ್ನು ಕೂಗಿ ಪರೀಕ್ಷಿಸುವ ಚಾಳಿಯನ್ನು ಹಂತ ಹಂತವಾಗಿ ಬಿಡಿಸುವುದು. ನಾಲ್ಕನೆಯದು ಉಸಿರಾಟ: ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ. ನಾಲ್ಕೂ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನಗಳೇ. ನಾಲ್ಕು ಬಣ್ಣದ ಪೆನ್ನಿನಲ್ಲಿ ಚಾರ್ಟು ಬರೆದು, ಆಯಾ ದಿನದ ಆತಂಕ ಹತ್ತಕ್ಕೆ ಎಷ್ಟು ಎಂದು ಬರೆದಿಡಲು, ದಿನಕ್ಕೊಂದು ಹಾಳೆಯಂತೆ ತಾರೀಕು ಹಾಕಿದ ಪುಸ್ತಕವನ್ನೂ ತಿಂಗಳಿಗೊಂದರಂತೆ ಹೊಲಿಸಿ ಅವರ ಕೈಗಿಟ್ಟೆ.

ತಿಂಗಳಿಗೊಮ್ಮೆ ನನ್ನ ಕೆಲಸವನ್ನು ತಪಾಸಣೆ ಮಾಡುವ ಹಿರಿಯ ವೈದ್ಯೆಯೊಬ್ಬರು ಅಹಮದಾಬಾದಿನಲ್ಲಿದ್ದಾರೆ. ನಾನು ಅವರನ್ನು ಬೆನ್ ಎನ್ನುತ್ತೇನೆ. ನಮ್ಮ ಕಡೆ ಅಕ್ಕ ಎಂದ ಹಾಗೆ. ಚಾರ್ಟನ್ನು ಫೋನಿನಲ್ಲಿ ನೋಡಿ ಅವರು ಒಂದೇ ಮಾತು ಹೇಳಿದರು.

“ನಾಲ್ಕೂ ಒಟ್ಟಿಗೆ ಯಾಕೆ? ಒಂದು ಇನ್ನೊಂದರ ಕಾಲು ಎಳೆಯುವುದಿಲ್ಲವಾ?”

“ಇಲ್ಲ ಬೆನ್, ಒಂದಕ್ಕೊಂದು ಪೂರಕ” ಎಂದೆ. ಆ ‘ಪೂರಕ’ ಎಂಬ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಆಗ ಮಾತ್ರ ಎಲ್ಲವೂ ಚೆಂದಾಗಿ ನಡೆಯುತ್ತಿರುವಂತೆ ಕಂಡಿತ್ತು. ಮೂರನೇ ವಾರ ಆಲೋಚನೆಯ ಹಾಳೆ ತಂದರು. ಮೇಲೆ ‘ಅವನು ಸತ್ತದ್ದು ನನ್ನಿಂದ’ ಎಂದಿತ್ತು. ಅಲ್ಲ ಎನ್ನುವ ಕಾಲಮ್ಮಿನಲ್ಲಿ ಅವರ ದುಂಡಗಿನ ಅಕ್ಷರದಲ್ಲಿ ‘ಪರ್ಮಿಟ್‌ನಲ್ಲಿ ಸೊನ್ನೆ ಇತ್ತು’ ಎಂದು ಬರೆದಿದ್ದರು. ನಾನು ಅದರ ಕೆಳಗೆ ಗೆರೆ ಎಳೆದು, “ನೋಡಿ ಸರ್, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ನೀವು ಮಾಡಬೇಕಾದ್ದನ್ನು ಮಾಡಿದ್ದೀರಿ” ಎಂದೆ. ಅವರು ಆ ಗೆರೆಯನ್ನೇ ನೋಡುತ್ತಾ ಕೂತರು.

“ಹೌದಲ್ರೀ” ಎಂದರು ಆಮೇಲೆ.

ನನಗೆ ಗೆದ್ದ ಹಾಗಾಗಿತ್ತು.

ಘಟನೆ ಹೇಳುವುದರಲ್ಲೂ ತೊಡಕಿರಲಿಲ್ಲ. ಬೆಳಗಿನ ಚಹಾ, ಟ್ಯಾಂಕಿನ ಬಿಸಿ, ಏಣಿ ಇಳಿಸಿದ್ದು, ಕೆಲಸದ ಹುಡುಗರು ನಿಂತದ್ದು, ಎಲ್ಲ ವರದಿ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಆ ಕಾರ್ಮಿಕ ಇಳಿಯುವ ಮೊದಲು ತನ್ನ ಚಪ್ಪಲಿಗಳನ್ನು ಟ್ಯಾಂಕಿನ ಬಾಯಿಯ ಪಕ್ಕ ಜೋಡಿಸಿ ಇಟ್ಟನಂತೆ, ದೇವಸ್ಥಾನದ ಹೊರಗೆ ಬಿಟ್ಟ ಹಾಗೆ. ಬೂಟು ಹಾಕಬೇಕಿತ್ತು, ಗುತ್ತಿಗೆಯವರಿಗೆ ಬೂಟು ಬಂದಿರಲಿಲ್ಲ. ಅಲ್ಲಿಂದ ಮುಂದೆ ಅವರ ಮಾತು ಒಂದು ಗಳಿಗೆ ತಡೆಯುತ್ತಿತ್ತು. ನಾನು ಕಲಿಸಿದ ಹಾಗೆ ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ ಉಸಿರಾಡಿ, “ಪರ್ಮಿಟ್ ಆಗಿತ್ತು. ಅವ ಇಳಿದ” ಎಂದು ಮುಂದಿನ ಮಾತಿಗೆ ಹೋಗುತ್ತಿದ್ದರು. ನಾನು ಅದನ್ನು ‘ಉಸಿರಾಟದ ಕೌಶಲವನ್ನು ಚೆನ್ನಾಗಿ ಬಳಸಿಕೊಳ್ಳುತ್ತಿದ್ದಾರೆ’ ಎಂದು ಫೈಲಿನಲ್ಲಿ ಬರೆದುಕೊಂಡೆ. ಅಯ್ಯೋ ನನ್ನ ಕರ್ಮವೇ. ಮನುಷ್ಯ ಅದೇ ಜಾಗದಲ್ಲಿ ಪ್ರತಿಸಲವೂ ಒಂದು ಗುಂಡಿ ಹಾರುತ್ತಿದ್ದರು, ಹಾರಲು ಹಲಗೆ ಹಾಕಿಕೊಟ್ಟವಳು ನಾನು.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಪ್ರತಿ ಭೇಟಿಗೂ ನಮ್ಮಲ್ಲಿ ಒಂದು ಫಾರ್ಮ್ ಇದೆ. ನಿದ್ದೆ, ಊಟ, ಕೆಲಸ, ಕೊನೆಗೆ ಒಂದು ಸಾಲು: ಸಾಯುವ ಯೋಚನೆ ಇದೆಯೇ, ಇಲ್ಲವೇ. ಅದನ್ನು ಬಾಯಿಬಿಟ್ಟು ಕೇಳಿ ಬರೆಯಬೇಕು. ಮೊದಲೆರಡು ವಾರ ಕೇಳಿದ್ದೆ, ಇಲ್ಲ ಎಂದಿದ್ದರು. ಗುರುವಾರ ನನಗೆ ಒಬ್ಬರ ಹಿಂದೊಬ್ಬರು ಏಳು ಜನ. ಅದಕ್ಕೇ ಫಾರ್ಮುಗಳನ್ನು ರೈಲಿನಲ್ಲೇ ಅರ್ಧ ತುಂಬಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೆ. ಹೆಸರು, ತಾರೀಕು, ಕಳೆದ ವಾರ ಇದ್ದದ್ದು. ಭರೂಚ್ ಹತ್ತಿರ ನರ್ಮದೆಯ ಸೇತುವೆ ಬರುವಷ್ಟರಲ್ಲಿ ಏಳೂ ಫಾರ್ಮುಗಳಲ್ಲಿ ಆ ಕೊನೆಯ ಸಾಲಿನ ‘ಇಲ್ಲ’ದ ಮುಂದೆ ಟಿಕ್ ಬಿದ್ದಿರುತ್ತಿತ್ತು. ಏನಾದರೂ ಬದಲಾದರೆ ಆಮೇಲೆ ತಿದ್ದಿದರಾಯಿತು ಎಂದುಕೊಳ್ಳುತ್ತಿದ್ದೆ. ತಿದ್ದುವ ಪ್ರಸಂಗ ಒಂದು ಸಲವೂ ಬಂದಿರಲಿಲ್ಲ, ಯಾಕೆಂದರೆ ನಾನು ಕೇಳುವುದನ್ನೇ ಬಿಟ್ಟಿದ್ದೆ.

ಏಳನೆಯ ಗುರುವಾರ. ಮಧ್ಯಾಹ್ನ ಹನ್ನೆರಡರ ಹೊತ್ತು. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಹಿಂದಿನ ಏಳು ದಿನಗಳದ್ದನ್ನು ನೋಡಿದೆ. ಆತಂಕ ಹತ್ತಕ್ಕೆ ಐದು, ಐದು, ನಾಲ್ಕು, ನಾಲ್ಕು. ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. “ಭೇಷ್” ಎಂದು ಪುಸ್ತಕ ಕೆಳಗಿಟ್ಟೆ. ಮೇಲಿನ ಫ್ಯಾನಿನ ಗಾಳಿಗೆ ಹಾಳೆ ಮಗುಚಿಕೊಂಡಿತು. ಶುಕ್ರವಾರದ ಹಾಳೆ. ಅದರಲ್ಲಿ ಬರೆದಿತ್ತು: ‘ಬೆಳಿಗ್ಗೆ ವಾಸನೆ ಬಂತು. ಆತಂಕ ಮೂರು. ಉಸಿರಾಟ ಮಾಡಿದೆ. ಕಡಿಮೆಯಾಯಿತು.’

ಅವತ್ತು ಗುರುವಾರ. ಶುಕ್ರವಾರ ಇನ್ನೂ ಬಂದಿರಲೇ ಇಲ್ಲ.

ಮುಂದಿನ ಹಾಳೆ ತಿರುಗಿಸಿದೆ. ಶನಿವಾರ, ಮೂರು. ಭಾನುವಾರ, ಎರಡು. ತಿಂಗಳ ಕೊನೆಯವರೆಗೂ ಎಲ್ಲ ತುಂಬಿತ್ತು, ಎಲ್ಲ ಒಂದೇ ಪೆನ್ನು, ಒಂದೇ ಕೂತಲ್ಲಿ ಬರೆದ ಅಕ್ಷರ. ಕೊನೆಯ ದಿನದ ಹಾಳೆಯಲ್ಲಿ ಬೇರೇನೂ ಇರಲಿಲ್ಲ. ‘ಆತಂಕ: ಸೊನ್ನೆ’ ಎಂದಷ್ಟೇ ಇತ್ತು.

ನನಗೆ ಮೊದಲು ಬಂದದ್ದು ಕೋಪ. ಸತ್ಯ ಹೇಳಬೇಕಲ್ಲ. ಇಷ್ಟು ಮುತುವರ್ಜಿಯಿಂದ ಹೊಲಿಸಿದ ಪುಸ್ತಕ, ನನ್ನನ್ನು ಮಂಗ ಮಾಡಿದರಲ್ಲ ಎಂದು.

“ನಾಳೆ ಬೆಳಿಗ್ಗೆ ನಿಮಗೆ ಎಷ್ಟು ಆತಂಕ ಆಗುತ್ತೆ ಅಂತ ಇವತ್ತೇ ಹೇಗೆ ಗೊತ್ತಾಯ್ತು ಸರ್?” ಎಂದೆ. ದನಿ ಚೂಪಾಗಿಯೇ ಇತ್ತು.

ಅವರ ಮುಖ ಬಿಳಿಚಿಕೊಂಡಿತು.

“ಅವತ್ತೂ ಹಿಂಗ ಮಾಡಿದ್ದೆ ರೀ.”

“ಅವತ್ತು ಅಂದರೆ?”

“ಚಾ ಕುಡಕೋತ ಇಡೀ ದಿನದ ಪರ್ಮಿಟ್ ಬರದು ಸಹಿ ಹಾಕಿಬಿಡ್ತಿದ್ದಿವಿ ರೀ. ಎಲ್ಲಾರೂ ಹಂಗ ಮಾಡತಿದ್ರು. ಯಾವತ್ತೂ ಸೊನ್ನೀನ ಬರ್ತಿತ್ತು, ಸೊನ್ನಿ ಬರದುಬಿಡ್ತಿದ್ದಿವಿ. ಮೀಟರ್ ಚಾರ್ಜರ್ ಮ್ಯಾಲ ಇತ್ರಿ ಅವತ್ತು. ಮೇಜಿನ ಮ್ಯಾಲ, ನನ್ನ ಚಾ ಕಪ್ಪಿನ ಬಾಜೂಕ. ಹಸರು ಲೈಟ್ ಉರೀತಿತ್ತು. ನಾ ಅದನ್ನ ಮುಟ್ಟಿಲ್ಲ.”

ಕಂಪನಿಯ ತೀರ್ಮಾನ ನಿಂತಿದ್ದು ಆ ಸೊನ್ನೆಯ ಮೇಲೆ. ನಾನು ಗೆರೆ ಎಳೆದು ‘ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ’ ಎಂದದ್ದೂ ಅದೇ ಸೊನ್ನೆಗೆ. ಸುಳ್ಳು ಎಂದು ಅವರಿಗೊಬ್ಬರಿಗೆ ಗೊತ್ತಿದ್ದ ಅಂಕಿಯನ್ನು ನಾನು ವಾರಗಟ್ಟಲೆ ಅವರ ಕೈಲೇ ಬರೆಸಿ, ಅವರಿಗೇ ಓದಿ ಹೇಳಿದ್ದೆ.

ನಾನು ಏನಾದರೂ ಹೇಳುವ ಮೊದಲೇ ಅವರು ಎದ್ದರು. “ಹೊತ್ತಾತ್ರಿ ಮೇಡಂ” ಎಂದು ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟೇಹೋದರು. ಹೊರಗೆ ಮುಂದಿನವರು ಕಾಯುತ್ತಿದ್ದರು. ಅವರನ್ನು ಐದು ನಿಮಿಷ ಕೂರಲು ಹೇಳಿ, ಅಭ್ಯಾಸದ ಬಲದಲ್ಲಿ ಇಂಜಿನಿಯರರ ಫಾರ್ಮ್ ತೆಗೆದೆ. ಕೊನೆಯ ಸಾಲಿನ ಟಿಕ್ ಬೆಳಿಗ್ಗೆಯೇ ಬಿದ್ದು ಕೂತಿತ್ತು. ಪಕ್ಕದಲ್ಲಿ ಅವರ ಪುಸ್ತಕ, ಕೊನೆಯ ಹಾಳೆ ತೆರೆದುಕೊಂಡು, ಸೊನ್ನೆ. ಮನುಷ್ಯನ ಆತಂಕವೆಲ್ಲ ಸೊನ್ನೆಯಾಗುವುದು ಯಾವಾಗ ಎಂದು ನನಗೆ ಆ ಕ್ಷಣಕ್ಕೆ ಹೊಳೆಯಿತು.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಹೆಂಡತಿಗೆ ಮಾಡಿದೆ.

“ಇನ್ನೂ ಬಂದಿಲ್ರಿ ಅಕ್ಕಾರ. ಯಾಕ್ರೀ? ಏನಾತ್ರಿ?”

ಉಳಿದವರನ್ನೆಲ್ಲ ಕೈಮುಗಿದು ವಾಪಸು ಕಳಿಸಿ, ಕ್ಲಿನಿಕ್ಕಿನ ವೈದ್ಯರಿಗೆ ವಿಷಯ ತಿಳಿಸಿ, ಆಟೋ ಹಿಡಿದು ಅವರ ಮನೆಗೆ ಹೋದೆ. ಹೆಂಡತಿ ಗಂಡನ ಗೆಳೆಯರಿಗೆಲ್ಲ ಫೋನ್ ಮಾಡಿದರು. ಇಬ್ಬರು ಬೈಕ್ ಹತ್ತಿ ಹುಡುಕಲು ಹೋದರು. ಪೊಲೀಸ್ ಠಾಣೆಗೆ ಹೋಗಿ ಫೋಟೋ ಕೊಟ್ಟು ಬಂದೆವು. ಮಗಳು ಶಾಲೆಯಿಂದ ಬಂದವಳು ನಮ್ಮ ಮುಖ ನೋಡಿ ಏನೂ ಕೇಳದೆ ಒಳಗೆ ಹೋಗಿ ಕೂತಳು. ಮಧ್ಯಾಹ್ನದ ಮೂರಾಯಿತು, ನಾಲ್ಕಾಯಿತು. ಗೋಡೆಯ ಗಡಿಯಾರದ ಸದ್ದು ಅಷ್ಟು ಜೋರಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಹೆಂಗಸು ನನ್ನ ಕೈ ಹಿಡಿದುಕೊಂಡು, “ನಿಮ್ಮ ಹತ್ರ ಬಂದಮ್ಯಾಲ ಆರಾಮ ಆಗಾಕತ್ತಾರ ಅನಕೊಂಡಿದ್ದೆ ರೀ” ಎಂದರು. ನಾನು ಕೈ ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಕೂತಿದ್ದೆ. ನನ್ನ ಚೀಲದಲ್ಲಿ ಆ ಟಿಕ್ ಇತ್ತು.

ಐದೂವರೆಗೆ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಅವರೇ. ಬೂಟಿನ ತುಂಬ ಧೂಳು. ಸಚಿನ್‌ಗೆ ಹೋಗಿ ಕಾರ್ಖಾನೆಯ ಗೇಟಿನೆದುರಿನ ಕಟ್ಟೆಯ ಮೇಲೆ ಇಷ್ಟು ಹೊತ್ತೂ ಕೂತಿದ್ದರಂತೆ. ಹೆಂಡತಿ ಅಳು ತಡೆಯಲಾರದೆ ಅಡುಗೆಮನೆಗೆ ಹೋದರು. ನಾನು ಅವರೆದುರು ಕುರ್ಚಿ ಎಳೆದು ಕೂತೆ. ಚಾರ್ಟಿಲ್ಲ, ಹಾಳೆಯಿಲ್ಲ, ಪೆನ್ನೂ ಇಲ್ಲ.

“ಸರ್, ನಿಮಗೆ ಸಾಯಬೇಕು ಅನ್ನಿಸ್ತಿದೆಯಾ?”

ಅವರು ತಲೆ ಎತ್ತಿ ನೋಡಿದರು. ಮುಖದಲ್ಲಿ ಗಾಬರಿಯಿರಲಿಲ್ಲ, ಯಾರೋ ಭಾರ ಇಳಿಸಿಕೊಂಡ ಹಾಗೆ ಭುಜ ಕೆಳಗಿಳಿಯಿತು.

“ಹೌದ್ರೀ.”

“ಎಷ್ಟು ದಿನದಿಂದ?”

“ಆ ಗೆರಿ ಎಳೆದ್ರಲ್ರಿ ನೀವು, ಆ ವಾರದಿಂದ. ಇನ್ನ ಖರೇ ಯಾರ ಮುಂದ ಹೇಳಲಿ ಅನಿಸ್ತು. ಈ ತಿಂಗಳ ಕೊನೀತನಕ ನೋಡೂಣು ಅನಕೊಂಡಿದ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳ್ಲಿಲ್ಲಲ್ರಿ.”

ಆ ಮಾತನ್ನು ಅವರು ಆರೋಪದ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಅವರ ಒಪ್ಪಿಗೆಯಿಂದಲೇ ಹೆಂಡತಿಯನ್ನು ಕರೆದು ಎಲ್ಲ ಹೇಳಿದೆವು. ಮನಸ್ಸು ಕುಸಿಯುವಾಗ ಮೊದಲು ಕಾಣುವ ಲಕ್ಷಣ ಯಾವುದು, ಆಗ ಏನು ಮಾಡಬೇಕು, ಯಾರನ್ನು ಕರೆಯಬೇಕು, ಮನೆಯಲ್ಲಿ ಏನೇನು ಕೈಗೆ ಸಿಗದಂತೆ ಎತ್ತಿಡಬೇಕು, ಮೂವರೂ ಕೂತು ಒಂದು ಕಾಗದದಲ್ಲಿ ಬರೆದುಕೊಂಡೆವು. ಅವರನ್ನು ಒಬ್ಬರನ್ನೇ ಬಿಡುವುದಿಲ್ಲ ಎಂದಾಯಿತು. ಮರುದಿನ ಬೆಳಿಗ್ಗೆಯೇ ಮನೋವೈದ್ಯರ ಹತ್ತಿರ ಹೋದೆವು, ಔಷಧಿ ಶುರುವಾಯಿತು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ನಾನೇ ಫೋನ್ ಮಾಡಿ, ಗುರುವಾರ ಮಾತ್ರ ಕ್ಲಿನಿಕ್ಕಿನಲ್ಲಿ ಎದುರಿಗೇ, ಆ ಒಂದು ಪ್ರಶ್ನೆ ಕೇಳುತ್ತಿದ್ದೆ. ಶುರುವಿನಲ್ಲಿ ಉತ್ತರ ದಿನಾ ‘ಹೌದ್ರೀ’.

ಆ ಶನಿವಾರ ಫೈಲು, ಪುಸ್ತಕ, ನನ್ನ ಫಾರ್ಮು ಎಲ್ಲ ತೆಗೆದುಕೊಂಡು ಅಹಮದಾಬಾದಿಗೆ ಹೋದೆ. ಬೆನ್ ಎಲ್ಲವನ್ನೂ ಮೇಜಿನ ಮೇಲೆ ಹರಡಿಸಿ ಒಂದೊಂದೇ ಓದಿದರು. ನಾನು ಅತ್ತೆ. ಅವರು ಅಳಲು ಬಿಟ್ಟರು, ನೀರು ಕೊಟ್ಟರು, ಆಮೇಲೆ ಬೈದರು.

“ಈ ಮನುಷ್ಯನ ಅಪರಾಧ ಪ್ರಜ್ಞೆ ರೋಗ ಅಂತ ನಿನಗೆ ಯಾರು ಹೇಳಿದರು? ಅದರಲ್ಲಿ ಎಷ್ಟು ನಿಜ ಅಂತ ನೋಡುವ ಮೊದಲೇ ಅಳಿಸಲು ಕೂತೆಯಲ್ಲ. ಮತ್ತೆ ಈ ಉಸಿರಾಟ. ಒಂದು ಕೈಯಲ್ಲಿ ಭಯದ ಎದುರು ನಿಲ್ಲಿಸುತ್ತೀಯ, ಇನ್ನೊಂದು ಕೈಯಲ್ಲಿ ಓಡಿಹೋಗಲು ಬಾಗಿಲು ತೆಗೆದಿಡುತ್ತೀಯ.”

“ಹಾಗಾದರೆ ಬೆರೆಸಲೇಬಾರದಾ ಬೆನ್?”

“ಬೆರೆಸು. ಆದರೆ ಯಾವುದು ಮೊದಲು, ಯಾಕೆ, ಯಾವುದನ್ನು ಎಲ್ಲಿ ನಿಲ್ಲಿಸಬೇಕು, ಅದು ಗೊತ್ತಿರಲಿ. ನಿನ್ನ ಚಾರ್ಟಿನಲ್ಲಿ ಬಣ್ಣ ಇದೆ, ಅದಿಲ್ಲ.”

ನಾನು ಚಾರ್ಟನ್ನು ಮಡಿಸಿ ಚೀಲಕ್ಕೆ ಹಾಕಿದೆ. ಅಲ್ಲಿಯೇ ಕೂತು ತೀರ್ಮಾನ ಮಾಡಿದೆವು. ಮೊದಲು ಜೀವ ಉಳಿಯಬೇಕು. ಅದು ಗಟ್ಟಿಯಾಗುವವರೆಗೆ ಬೇರೇನೂ ಇಲ್ಲ. ಆಮೇಲೆ ಘಟನೆ ಹೇಳುವುದೊಂದೇ, ಉಸಿರಾಟವಿಲ್ಲದೆ. ಉಸಿರಾಟ ಮಲಗುವ ಮುಂಚೆ ಮಾತ್ರ. ಮಗಳನ್ನು ಕೂಗುವ ಚಾಳಿ ಬಿಡಿಸುವುದು ಅದರ ನಂತರ. ಆಲೋಚನೆಯ ಹಾಳೆ ಕೊನೆಗೆ, ಅದೂ ‘ನನ್ನ ತಪ್ಪಿಲ್ಲ’ ಎಂದು ಒಪ್ಪಿಸಲು ಅಲ್ಲ, ತಪ್ಪು ಎಷ್ಟು, ಅದರಲ್ಲಿ ನನ್ನದೆಷ್ಟು ಎಂದು ನೇರವಾಗಿ ಅಳೆಯಲು. ಹೊರಡುವಾಗ ನನ್ನ ಟಿಕ್ಕಿನ ವಿಷಯವನ್ನು ಇಂಜಿನಿಯರರಿಗೆ ಹೇಳಲೇ ಎಂದು ಕೇಳಿದೆ.

“ನಿನ್ನ ಭಾರ ಇಳಿಸಿಕೊಳ್ಳುವುದಕ್ಕಾದರೆ ಹೇಳಬೇಡ. ಅವರಿಗೆ ಉಪಯೋಗವಾಗುವ ದಿನ ಬಂದರೆ ಹೇಳು. ಅಲ್ಲಿಯವರೆಗೆ ಹೊತ್ತುಕೊಂಡಿರು” ಎಂದರು.

ಹೊತ್ತುಕೊಂಡೆ. ನಾಲ್ಕು ವಾರ ಬೇರೇನೂ ಮಾಡಲಿಲ್ಲ. ಬೆಳಗಿನ ಫೋನಿನಲ್ಲಿ ‘ಹೌದ್ರೀ’ ಎಂಬುದು ‘ಸ್ವಲ್ಪ ರೀ’ ಆಯಿತು. ಐದನೇ ವಾರ, ವೈದ್ಯರೂ ಒಪ್ಪಿದ ಮೇಲೆ, ಮತ್ತೆ ಘಟನೆ ಹೇಳಲು ಕೂತರು. ಚಪ್ಪಲಿಯವರೆಗೆ ಬಂದರು. ಉಸಿರು ಎಣಿಸಲು ಹೊರಟರು. “ಎಣಿಸಬೇಡಿ ಸರ್. ಅಲ್ಲೇ ಇರಿ. ಅವನು ಏನು ಮಾಡ್ತಿದ್ದಾನೆ?” ಎಂದೆ.

ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. ಹಣೆಯಿಂದ ಬೆವರಿಳಿಯಿತು.

“ನನ್ನ ಕಡೆ ನೋಡಾಕತ್ತಾನ್ರಿ. ‘ಸಾಬ್, ಚೆಕ್ ಹೋ ಗಯಾ?’ ಅಂತ ಕೇಳಾಕತ್ತಾನ.”

“ನೀವು?”

ಹೊರಗೆ ಆಟೋ ಒಂದು ಹಾದುಹೋಯಿತು.

“‘ಹೋ ಗಯಾ’ ಅಂದೆ ರೀ.”

ಅಷ್ಟೇ. ಹತ್ತು ಹನ್ನೊಂದು ತಿಂಗಳು ಮನುಷ್ಯನ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಆ ಎರಡು ಶಬ್ದ. ಪರೀಕ್ಷೆ ಆಯಿತಾ ಎಂದು ಅವನು ಕೇಳಿದ್ದ, ಆಯಿತು ಎಂದು ಇವರು ಹೇಳಿದ್ದರು, ಅವನು ನಂಬಿ ಚಪ್ಪಲಿ ಬಿಟ್ಟು ಇಳಿದಿದ್ದ. ಇಂಜಿನಿಯರರು ದೊಡ್ಡ ದನಿ ತೆಗೆದು ಅತ್ತರು. ನನಗೂ ಕಣ್ಣು ತುಂಬಿತು, ಆದರೆ ನಿಲ್ಲಿಸಲಿಲ್ಲ. ಮತ್ತೆ ಮೊದಲಿನಿಂದ ಹೇಳಿಸಿದೆ. ಅವತ್ತು ಮೂರು ಸಲ, ಮುಂದಿನ ಗುರುವಾರ ನಾಲ್ಕು ಸಲ. ಬೂಟು ಯಾಕೆ ಬಿಚ್ಚುವುದಿಲ್ಲ ಎಂದು ಆಗ ಕೇಳಿದೆ. “ಬಾಗಿಲದಾಗ ಖಾಲಿ ಚಪ್ಪಲಿ ಕಂಡ್ರ, ಬಿಟ್ಟವ್ರು ತಿರುಗಿ ಬರ್ತಾರೋ ಇಲ್ಲೋ ಅನಸ್ತೈತಿ ರೀ” ಎಂದರು.

ವಾಸನೆ ಕಡಿಮೆಯಾಯಿತು. ಮಗಳ ಬಾತ್‌ರೂಮಿನ ಹೊರಗೆ ನಿಂತರೂ ಬಾಯಿ ಬಿಗಿಹಿಡಿದು ಕೂಗದೆ ಇರಲು ಕಲಿತರು. ಆದರೆ ಇನ್ನೊಂದು ಕಡೆ ಅಪರಾಧ ಪ್ರಜ್ಞೆ ಗಟ್ಟಿಯಾಗಿ ಕಚ್ಚಿಕೊಂಡಿತು. ತಪ್ಪಿನ ಪಾಲು ಅಳೆಯಲು ಕೂತರೆ, ಬೂಟು ಕೊಡದ ಗುತ್ತಿಗೆದಾರ, ಸೋರುವ ವಾಲ್ವು, ಚಹಾದ ಜೊತೆ ಸಹಿ ಹಾಕುವುದನ್ನು ನೋಡಿಯೂ ಸುಮ್ಮನಿದ್ದ ಮೇಲಿನವರು, ಯಾರ ಲೆಕ್ಕವೂ ಬೇಡ, ಎಲ್ಲ ನನ್ನದೇ ಎನ್ನುತ್ತಿದ್ದರು. “ಇಂಥಾ ಕೆಲಸ ಮಾಡೂ ಮನಷ್ಯಾ ಬ್ಯಾರೆ ಯಾರೂ ಇರಂಗಿಲ್ರಿ” ಎಂದು ಮೂರು ವಾರ ಅದನ್ನೇ ಹೇಳಿದರು. ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಕೊಡಲೆಂದು ನಿಜ ಸಂಗತಿಯನ್ನು ಬರೆದ ಒಂದು ಹೇಳಿಕೆ ಅವರ ಜೇಬಿನಲ್ಲಿತ್ತು: ಮೀಟರ್ ಚಾರ್ಜರ್ ಮೇಲಿತ್ತು, ಅಂಕಿಯನ್ನು ನಾನು ಊಹಿಸಿ ಬರೆದೆ. ವಕೀಲರನ್ನು ಕಂಡು ಬಂದಿದ್ದರು. ಕೆಲಸ ಹೋಗಬಹುದು, ಕೇಸೂ ಆಗಬಹುದು ಎಂದಿದ್ದರಂತೆ. ಕೊಡಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವ ಹಾಗಿರಲಿಲ್ಲ. ಮುಂದಿನ ಸೋಮವಾರದ ತಾರೀಕು ಹಾಕಿಟ್ಟುಕೊಳ್ಳುತ್ತಿದ್ದರು, ಸೋಮವಾರ ಕಳೆಯುತ್ತಿತ್ತು, ತಾರೀಕು ಹೊಡೆದುಹಾಕಿ ಅದರ ಮುಂದಿನ ಸೋಮವಾರದ್ದು ಬರೆಯುತ್ತಿದ್ದರು.

ಆ ಗುರುವಾರವೂ ಅದೇ ಮಾತು. ಬ್ಯಾರೆ ಯಾರೂ ಇರಂಗಿಲ್ರಿ. ನಾನು ಎದ್ದು ಬೀರುವಿನಿಂದ ಏಳನೇ ಭೇಟಿಯ ಫಾರ್ಮ್ ತೆಗೆದು ಅವರ ಮುಂದಿಟ್ಟೆ.

“ಈ ಕೊನೆಯ ಸಾಲು ಓದಿ ಸರ್. ನೀವು ಪುಸ್ತಕ ಬಿಟ್ಟು ಹೋದ ದಿನದ್ದು.”

ಓದಿದರು. “ಇದ ಯಾವಾಗ ಬರದ್ರಿ?”

“ರೈಲಿನಲ್ಲಿ. ನರ್ಮದೆ ದಾಟೋ ಮೊದಲೇ. ನಿಮ್ಮನ್ನ ನೋಡೋಕೆ ಮೂರು ಗಂಟೆ ಮುಂಚೆ. ಐದು ವಾರ ಹಾಗೇ ಬರೆದಿದ್ದೀನಿ.”

ಅವರು ಬೆರಳಿನಿಂದ ಆ ಟಿಕ್ಕನ್ನು ಮುಟ್ಟಿದರು. ನಾನು ಕ್ಷಮೆ ಕೇಳಿದೆ. ಅವರು ತಿರುಗಿ ಒಂದು ಪ್ರಶ್ನೆ ಕೇಳಿದರು.

“ಅವತ್ತ ಸಂಜೀಕ ನಾ ಮನೀಗೆ ಬರಲಿಲ್ಲ ಅಂದಿದ್ರ, ಈ ಹಾಳಿ ಹಿಂಗ ಇರ್ತಿತ್ತೇನ್ರಿ? ಕೇಳಿದ್ದೆ, ಇಲ್ಲ ಅಂದಿದ್ರು ಅಂತ?”

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆ ಮಧ್ಯಾಹ್ನ ಅವರ ಮನೆಯ ಸೋಫಾದ ಮೇಲೆ ಕೂತಾಗ, ಗಡಿಯಾರ ಬಡಿಯುತ್ತಿದ್ದಾಗ, ಈ ಹಾಳೆಯನ್ನು ಯಾರೂ ಇನ್ನೂ ನೋಡಿಲ್ಲ ಎಂಬ ಯೋಚನೆ ಒಂದು ಸಲ ನನ್ನ ತಲೆಯಲ್ಲಿ ಹಾದುಹೋಗಿತ್ತು. ಅದನ್ನು ನಾನು ಬೆನ್‌ಗೂ ಹೇಳಿರಲಿಲ್ಲ.

“ಇರ್ತಿತ್ತೇನೋ ಸರ್” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಮೂರು ವಾರ ಬ್ಯಾರೆ ಯಾರೂ ಇರಂಗಿಲ್ಲ ಎಂದಿದ್ದ ಮನುಷ್ಯ. ಜೇಬಿನಿಂದ ಹೇಳಿಕೆಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿ, ನನ್ನ ಪೆನ್ನು ಕೇಳಿದರು. ಸೋಮವಾರದ ತಾರೀಕನ್ನು ಹೊಡೆದು, ಗೋಡೆಯ ಕ್ಯಾಲೆಂಡರ್ ನೋಡಿ, ಅವತ್ತಿನ ತಾರೀಕು ಬರೆದರು. ಸಹಿ ಮಾಡಿದರು. “ಇಲ್ಲಿಂದ ಸೀದಾ ಹೋಗಿ ಕೊಟ್ಟು ಬರ್ತೇನ್ರಿ. ಹೆಂಡ್ತಿ ಕೆಳಗ ಕುಂತಾಳ, ಅಕಿನೂ ಬರ್ತಾಳ” ಎಂದರು.

ನಾನು ತಲೆಯಾಡಿಸಿದೆ. ಎದ್ದು ಬಾಗಿಲ ತನಕ ಹೋದವರು ಅಲ್ಲೇ ನಿಂತು ತಿರುಗಿದರು.

“ಮೇಡಂ ರೀ, ಇವತ್ತಿಂದು ಕೇಳ್ಲಿಲ್ಲ ನೀವು.”

ನಾನು ಮರೆತಿದ್ದೆ. ಇಷ್ಟೆಲ್ಲ ಆದಮೇಲೂ, ಅದೇ ದಿನ, ಅದೇ ಹಾಳೆ ಮುಂದಿಟ್ಟುಕೊಂಡು ಮರೆತಿದ್ದೆ. ಎದ್ದುನಿಂತು ಅವರ ಕಣ್ಣು ನೋಡಿ ಕೇಳಿದೆ.

“ಸಾಯಬೇಕು ಅನ್ನಿಸ್ತಿದೆಯಾ ಸರ್?”

ಅವರು ಒಳಗೆ ಇಣುಕಿ ನೋಡಿಕೊಳ್ಳುವವರ ಹಾಗೆ ಒಂದಷ್ಟು ಹೊತ್ತು ನಿಂತರು.

“ಇವತ್ತ ಇಲ್ರಿ. ನಾಳಿದು ನಾಳೆ ಕೇಳ್ರಿ.”

ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಕಾದೆ. ಆಮೇಲೆ ಪೆನ್ನು ತೆಗೆದುಕೊಂಡು, ಅವತ್ತಿನ ಖಾಲಿ ಫಾರ್ಮಿನಲ್ಲಿ ಅವರ ಉತ್ತರ ಬರೆದೆ.